ಕಷಾಯದ ಡಬ್ಬಿಯಲ್ಲಿ ಏನೇನಿದೆ?

ನಮ್ಮ ಮಲೆನಾಡಿನ ಮನೆಗಳಲ್ಲಿ ಮಳೆ ಹಿಡಿಯಿತೆಂದರೆ ಕಾಫಿಗಿಂತ ಕಷಾಯಕ್ಕೇ ಮರ್ಯಾದೆ ಹೆಚ್ಚು. ಒಂದು ಲೋಟ ಕೊತ್ತಂಬರಿ ಬೀಜಕ್ಕೆ ಅರ್ಧ ಲೋಟ ಜೀರಿಗೆ, ಎರಡು ಚಮಚ ಕಾಳುಮೆಣಸು, ಒಂದು ಚಮಚ ಮೆಂತ್ಯವನ್ನು ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಹೆಬ್ಬೆರಳುದ್ದದ ಒಣಶುಂಠಿಯೊಂದಿಗೆ ಪುಡಿಮಾಡಿ ಡಬ್ಬಿಗೆ ತುಂಬಬೇಕು. ಮೆಂತ್ಯ ಕೆಂಪಗಾದರೆ ಸಾಕು. ಕಪ್ಪಾದರೆ ಇಡೀ ಡಬ್ಬಿಯೇ ಕಹಿ. ಪುಡಿ ಕುದಿಯುವಾಗ ಪರಿಮಳವು ಹಬೆಯೊಡನೆ ಹಾರಿಹೋಗದಂತೆ ಪಾತ್ರೆಗೆ ಮುಚ್ಚಳವಿರಲಿ. ಬೆಲ್ಲ ಹಾಕಿದ ಕಷಾಯಕ್ಕೆ ಹಾಲನ್ನು ಒಲೆಯಿಂದ ಇಳಿಸಿದ ಮೇಲೆಯೇ ಬೆರೆಸಿ, ಇಲ್ಲವಾದರೆ ಒಡೆಯುತ್ತದೆ.

ಬಿಸಿ ಕಷಾಯ ಗಂಟಲಿಗೆ ಹಿತ, ಶುಂಠಿ ವಾಕರಿಕೆಯನ್ನು ತಗ್ಗಿಸುತ್ತದೆ, ಕೆಫೀನ್ ಇಲ್ಲದ ಕಾರಣ ರಾತ್ರಿ ಕುಡಿದರೂ ನಿದ್ರೆ ಕೆಡುವುದಿಲ್ಲ. ಇಷ್ಟನ್ನು ಒಪ್ಪುತ್ತೇನೆ. ಬೆಲ್ಲದ ಕಷಾಯವೇ ಸಕ್ಕರೆ ಕಾಯಿಲೆಗೂ ಮದ್ದೆನ್ನುವವರ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಒಂದು ಮಳೆಗಾಲದಲ್ಲಿ ಮನೆಯವರ ಕೆಮ್ಮಿಗೆಂದು ಪುಡಿಗೆ ಜ್ಯೇಷ್ಠಮಧುವನ್ನು ಧಾರಾಳವಾಗಿ ಸೇರಿಸಿದ್ದೆ. ಸಿಹಿ ಹಿಡಿಸಿತು, ಕೆಮ್ಮು ಹೋದರೂ ದಿನಕ್ಕೆ ಮೂರು ಲೋಟ ನಡೆದೇ ಇತ್ತು. ಎರಡು ತಿಂಗಳಲ್ಲಿ ಅವರ ಪಾದ ಊದಿಕೊಂಡು, ಮಾತ್ರೆ ನುಂಗುತ್ತಿದ್ದರೂ ರಕ್ತದೊತ್ತಡ ಏರಿತ್ತು. ವೈದ್ಯರು ಮೊದಲು ಕೇಳಿದ್ದೇ ಏನು ಕುಡಿಯುತ್ತೀರಿ ಎಂದು. ಆ ಬೇರಿನಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶವು ದೇಹದಲ್ಲಿ ಉಪ್ಪು, ನೀರನ್ನು ತಡೆಹಿಡಿದು ಪೊಟ್ಯಾಸಿಯಂ ಅನ್ನು ಇಳಿಸುತ್ತದೆಯಂತೆ. ಅಂದಿನಿಂದ ಜ್ಯೇಷ್ಠಮಧು ನಮ್ಮಲ್ಲಿ ಬೇರೆ ಸೀಸೆಯಲ್ಲಿದೆ. ಕೆಮ್ಮಿದ್ದಾಗ ಚಿಟಿಕೆಯಷ್ಟು, ನಾಲ್ಕು ದಿನ ಮಾತ್ರ, ಅದೂ ರಕ್ತದೊತ್ತಡ ಇಲ್ಲದವರಿಗೆ.

ಅಮೃತಬಳ್ಳಿಯನ್ನೂ ಹೀಗೆಯೇ ದಿನನಿತ್ಯದ ಪಾನೀಯವಾಗಿಸಬಾರದು. ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ತೊಂದರೆ ಕಂಡುಬಂದಿದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಯಾವುದೇ ಕಷಾಯವನ್ನು ನಿತ್ಯದ ರೂಢಿಯಾಗಿಸುವ ಮೊದಲು ವೈದ್ಯರನ್ನು ಕೇಳಲಿ. ಒಂದು ವರ್ಷ ತುಂಬದ ಕೂಸಿಗೆ ಜೇನು ಬೆರೆಸಿದ್ದನ್ನು ಒಂದು ಹನಿಯೂ ನೆಕ್ಕಿಸಬಾರದು.

ಘಟ್ಟದ ಕೆಳಗೆ ಆಟಿ ಅಮಾವಾಸ್ಯೆಯಂದು ನಸುಕಿನಲ್ಲೇ ಹಾಲೆ ಮರದ ತೊಗಟೆ ತಂದು ಕಷಾಯ ಕುಡಿಯುವ ಪದ್ಧತಿಯಿದೆ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಬಂದರೆ ಪ್ರಾಣಕ್ಕೇ ಅಪಾಯ. ಹಿಂದಿನ ದಿನ ಹಗಲಿನಲ್ಲೇ, ಮರವನ್ನು ಬಲ್ಲ ಹಿರಿಯರೊಡನೆ ಹೋಗಿ, ಗುರುತಿಗೆ ಒಂದು ದಾರ ಕಟ್ಟಿ ಬನ್ನಿ.