ಮದುವೆ ಆಲ್ಬಮ್‌ಗೆ ಯಾವ ಸಾಫ್ಟ್‌ವೇರ್? ದುಡ್ಡು ಕಟ್ಟುವ ಮೊದಲು ಪರೀಕ್ಷಿಸಬೇಕಾದದ್ದು

ಆಲ್ಬಮ್ ಡಿಸೈನ್ ಸಾಫ್ಟ್‌ವೇರ್ ಕೊಳ್ಳಬೇಕೆಂದಿದ್ದರೆ ಮೊದಲ ಫೋನ್ ಹೋಗಬೇಕಾದದ್ದು ನಿಮ್ಮ ಪ್ರಿಂಟಿಂಗ್ ಲ್ಯಾಬಿಗೆ. ಶೀಟಿನ ಅಳತೆ ಎಷ್ಟು, ಅಂಚಿನಲ್ಲಿ ಎಷ್ಟು ಕತ್ತರಿಸುತ್ತಾರೆ, ಕಲರ್ ಪ್ರೊಫೈಲ್ (ಬಣ್ಣಗಳನ್ನು ಹೇಗೆ ಓದಬೇಕೆಂದು ಯಂತ್ರಕ್ಕೆ ತಿಳಿಸುವ ಮಾಹಿತಿ) ಯಾವುದು, ಫೈಲು ಜೆಪೆಗ್ ಬೇಕೋ ಪಿಡಿಎಫ್ ಬೇಕೋ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆ ಚೀಟಿಯಲ್ಲಿರುವುದನ್ನು ಮಾಡಿಕೊಡಲಾಗದ ಸಾಫ್ಟ್‌ವೇರ್ ಎಷ್ಟೇ ಚೆಂದವಿದ್ದರೂ ನಿಮ್ಮ ಕೆಲಸಕ್ಕೆ ಬಾರದು.

ನಮ್ಮ ಸ್ಟುಡಿಯೋಗಳಲ್ಲಿ ತುಂಬ ಓಡುವುದು 12×36 ಶೀಟು. ತೆರೆದಾಗ 36 ಇಂಚು ಅಗಲ, 12 ಇಂಚು ಎತ್ತರ, ಸರಿಯಾಗಿ 18ನೇ ಇಂಚಿಗೆ ಮಡಿಕೆ. 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 10,800 × 3,600 ಪಿಕ್ಸೆಲ್. ಈ ಅಳತೆಯನ್ನು ನೀವೇ ಟೈಪ್ ಮಾಡಿ ಹೊಸ ಆಲ್ಬಮ್ ತೆರೆಯಲು ಬರುತ್ತದೆಯೇ ನೋಡಿ. ಫೋಟೋಗಳನ್ನು ಹೇಗೂ ಲೈಟ್‌ರೂಮ್ ಕ್ಲಾಸಿಕ್‌ನಲ್ಲೇ ತಿದ್ದುತ್ತೇವೆ, ಪುಸ್ತಕ ಜೋಡಿಸಲು ಅದರಲ್ಲೇ ಇರುವ ಬುಕ್ ಮಾಡ್ಯೂಲ್ ಸಾಕಲ್ಲ ಎನ್ನುವವರು ಎಡವುವುದು ಇಲ್ಲೇ. ಅದರಲ್ಲಿರುವುದು ಫೋಟೋ ಪುಸ್ತಕ ಮುದ್ರಿಸುವ ಬ್ಲರ್ಬ್ ಕಂಪನಿಯ ಸಿದ್ಧ ಅಳತೆಗಳು, 12×36 ಅಲ್ಲಿ ಸಿಗುವುದಿಲ್ಲ.

ಇನ್ನು ಟೆಂಪ್ಲೇಟ್‌ಗಳ ಸಂಖ್ಯೆ. ಸಾವಿರಗಟ್ಟಲೆ ಟೆಂಪ್ಲೇಟ್ ಇವೆ ಎಂಬ ಜಾಹೀರಾತಿಗೆ ಮರುಳಾಗಬೇಡಿ. ಬಹುತೇಕರು ಕೊನೆಗೆ ಬಳಸುವುದು ಅದೇ ಇಪ್ಪತ್ತು ಮೂವತ್ತನ್ನು. ನಿಜವಾಗಿ ಸಮಯ ತಿನ್ನುವುದು ಬದಲಾವಣೆ. ನಲವತ್ತು ಶೀಟು ಮುಗಿಸಿ ತೋರಿಸಿದ ಮೇಲೆ ‘ಈ ಪೇಜಲ್ಲಿ ಸೋದರಮಾವ ಬಂದೇ ಇಲ್ಲ, ಒಂದು ಹಾಕಿ’ ಎಂಬ ಮಾತು ಬಂದೇ ಬರುತ್ತದೆ. ಆಗ ಆರು ಫೋಟೋಗಳ ಜಾಗದಲ್ಲಿ ಏಳು ಕೂರಬೇಕು. ಒಂದು ಫೋಟೋ ಎಳೆದು ಬಿಟ್ಟರೆ ಉಳಿದವು ತಾವೇ ಜರುಗಿ ಜಾಗ ಮಾಡಿಕೊಟ್ಟರೆ ಅದು ನಿಮ್ಮ ರಾತ್ರಿ ಉಳಿಸುವ ಸಾಫ್ಟ್‌ವೇರ್. ಫೋಟೋ ಕೂರುವ ಪ್ರತಿ ಚೌಕವನ್ನೂ (ಮಾಸ್ಕ್) ಕೈಯಲ್ಲಿ ಹಿಗ್ಗಿಸಿ ಕುಗ್ಗಿಸಬೇಕಾದರೆ ನಲವತ್ತು ಶೀಟಿಗೆ ಅದು ದುಬಾರಿ.

ಈ ದೃಷ್ಟಿಯಿಂದ ಮೂರು ದಾರಿಗಳಿವೆ. ಮೊದಲನೆಯದು ಫೋಟೋಶಾಪ್ ಮತ್ತು ಅದರ ಲೇಯರ್ (ಒಂದರ ಮೇಲೊಂದು ಪದರ) ಇರುವ ಫೈಲುಗಳಾದ ಪಿಎಸ್‌ಡಿ ಟೆಂಪ್ಲೇಟ್. ಫೋಟೋವನ್ನು ಚೌಕದ ಮೇಲಿನ ಲೇಯರಿಗೆ ತಂದು ಕಂಟ್ರೋಲ್, ಆಲ್ಟ್, ಜಿ ಒತ್ತಿ ಕ್ಲಿಪ್ ಮಾಡುವ, ಅಂದರೆ ಫೋಟೋ ಆ ಚೌಕದೊಳಗೆ ಮಾತ್ರ ಕಾಣುವಂತೆ ಮಾಡುವ ಪದ್ಧತಿ ಎಲ್ಲರಿಗೂ ಗೊತ್ತು. ಧಾರೆ, ಮಾಂಗಲ್ಯಧಾರಣೆ, ಜೋಡಿಯ ಔಟ್‌ಡೋರ್ ಪುಟಗಳಿಗೆ ಇದನ್ನು ಮೀರಿಸಿದ್ದಿಲ್ಲ. ಆದರೆ ಒಂದು 12×36 ಶೀಟು ಒಂದೇ ಲೇಯರ್ ಇದ್ದಾಗಲೇ 111 ಎಂಬಿ ಮೆಮೊರಿ ಹಿಡಿಯುತ್ತದೆ. ಹೂವು, ನೆರಳು, ಟೆಕ್ಸ್ಚರ್ ಎಂದು ಹದಿನೈದು ಲೇಯರ್ ಸೇರಿದರೆ 8 ಜಿಬಿ ರ‍್ಯಾಮ್‌ನ ಕಂಪ್ಯೂಟರ್ ತೆವಳುತ್ತದೆ. 16 ಜಿಬಿ ಇರಲೇಬೇಕು, 32 ಇದ್ದರೆ ನೆಮ್ಮದಿ. ಫೋಟೋಗಳನ್ನು ‘ಪ್ಲೇಸ್ ಲಿಂಕ್ಡ್’ ಮೂಲಕ (ಫೈಲಿನೊಳಗೆ ಸೇರಿಸದೆ ಕೊಂಡಿಯಷ್ಟೇ ಇಟ್ಟು) ತಂದರೆ ಫೈಲಿನ ತೂಕ ಕಡಿಮೆಯಾಗುತ್ತದೆ, ಮೂಲ ಫೋಟೋದ ಬಣ್ಣ ಮತ್ತೆ ತಿದ್ದಿದರೆ ಆಲ್ಬಮ್‌ನಲ್ಲೂ ಬದಲಾಗುತ್ತದೆ.

ಎರಡನೆಯದು ಪುಸ್ತಕ, ಪತ್ರಿಕೆಗಳ ಪುಟ ಜೋಡಿಸಲು ಬಳಸುವ ಇನ್‌ಡಿಸೈನ್. ಮದುವೆ ಫೋಟೋಗ್ರಾಫರ್‌ಗಳು ಇದನ್ನು ಯಾಕೆ ಮುಟ್ಟುವುದಿಲ್ಲವೋ! ನಲವತ್ತೂ ಶೀಟು ಒಂದೇ ಫೈಲಿನಲ್ಲಿರುತ್ತವೆ. ಮಡಿಕೆಯ ಗೆರೆ, ಕತ್ತರಿಸುವ ಗೆರೆಗಳನ್ನು ಪೇರೆಂಟ್ ಪೇಜಿನಲ್ಲಿ (ಉಳಿದ ಪುಟಗಳಿಗೆಲ್ಲ ಅನ್ವಯಿಸುವ ಮಾದರಿ ಪುಟ) ಒಮ್ಮೆ ಹಾಕಿದರೆ ಮುಗಿಯಿತು. ಆರತಕ್ಷತೆಯ ಸ್ಟೇಜ್ ಗ್ರೂಪ್ ಫೋಟೋಗಳಿಗಂತೂ ಇದು ಹೇಳಿ ಮಾಡಿಸಿದ್ದು: ಹನ್ನೆರಡು ಫೋಟೋ ಒಟ್ಟಿಗೆ ಆರಿಸಿ ಪ್ಲೇಸ್ ಕೊಡಿ, ಮೌಸ್ ಎಳೆಯುತ್ತಿರುವಾಗಲೇ ಬಲದ ಆರೋ ಕೀ ಒತ್ತಿದರೆ ಕಾಲಂ ಹೆಚ್ಚುತ್ತದೆ, ಮೇಲಿನ ಆರೋ ಒತ್ತಿದರೆ ಸಾಲು. ಬಿಟ್ಟ ಕೂಡಲೇ ಹನ್ನೆರಡೂ ಸಮ ಅಂತರದಲ್ಲಿ ಕೂತಿರುತ್ತವೆ. ಆದರೆ ಫೋಟೋ ತಿದ್ದುವ ಕೆಲಸ ಬೇರೆ ಕಡೆಯೇ ಆಗಬೇಕು.

ಮೂರನೆಯದು ಆಲ್ಬಮ್‌ಗಾಗಿಯೇ ಮಾಡಿದವು: ಸ್ಮಾರ್ಟ್‌ಆಲ್ಬಮ್ಸ್, ಫಂಡಿ ಡಿಸೈನರ್, ನಮ್ಮ ಮಾರುಕಟ್ಟೆಯ ಆಲ್ಬಮ್ ಎಕ್ಸ್‌ಪ್ರೆಸ್ ಮುಂತಾದವು. ವೇಗದಲ್ಲಿ ಇವನ್ನು ಹಿಡಿಯುವವರಿಲ್ಲ. ತಿಂಗಳಿಗೆ ನಾಲ್ಕೈದು ಮದುವೆ ಇದ್ದರೆ ಈ ಬಗೆಯದೊಂದು ಬೇಕೇ ಬೇಕು. ವರ್ಷಕ್ಕೆ ಆರು ಮದುವೆ ಮಾಡುವವರಿಗೆ ಫೋಟೋಶಾಪ್ ಸಾಕು. ಕೊಳ್ಳುವಾಗ ಲೇಯರ್ ಸಮೇತ ಪಿಎಸ್‌ಡಿ ಹೊರತೆಗೆಯಲು ಬರುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಬಂದರೆ ಸ್ಟೇಜ್ ಪುಟಗಳನ್ನು ಅದರಲ್ಲೇ ಮುಗಿಸಿ, ಧಾರೆಯ ನಾಲ್ಕೈದು ಶೀಟುಗಳನ್ನು ಮಾತ್ರ ಫೋಟೋಶಾಪಿಗೆ ಒಯ್ದು ಕೈಯಾಡಿಸಬಹುದು.

ಕನ್ನಡ ಅಕ್ಷರ ಒಡೆಯುತ್ತದೆಯೇ?

ಟ್ರಯಲ್ ಹಾಕಿಕೊಂಡ ಕೂಡಲೇ ಯೂನಿಕೋಡ್ ಫಾಂಟಿನಲ್ಲಿ ‘ಐಶ್ವರ್ಯ’, ‘ಲಕ್ಷ್ಮೀನಾರಾಯಣ’ ಎಂದು ಟೈಪ್ ಮಾಡಿ. ಒತ್ತಕ್ಷರ ಕೂಡಿಕೊಳ್ಳದೆ ‘ಐಶ್‌ವರ್‌ಯ’ ಎಂದು ಬಿಡಿಬಿಡಿಯಾಗಿ ಬಂದರೆ ಆ ಸಾಫ್ಟ್‌ವೇರ್‌ಗೆ ಭಾರತೀಯ ಲಿಪಿ ಜೋಡಿಸಲು ಬರುವುದಿಲ್ಲ ಎಂದರ್ಥ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ. 2022ರ ಆವೃತ್ತಿಗಿಂತ ಹಳೆಯ ಫೋಟೋಶಾಪಿನಲ್ಲಾದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಬೇಕು. ಇನ್ನೂ ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’. ಆಮೇಲೆ ಹೊಸ ಫೈಲಿನಲ್ಲಿ ಪರೀಕ್ಷಿಸಿ, ಮೊದಲೇ ತೆರೆದಿಟ್ಟ ಫೈಲಿನಲ್ಲಿ ಬದಲಾವಣೆ ಕಾಣದೇ ಇರಬಹುದು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲಿನ ಮೆನುವಿನಲ್ಲಿ ‘ವರ್ಲ್ಡ್-ರೆಡಿ’ ಕಂಪೋಸರ್ ಇದೆ. ನುಡಿ, ಬರಹದ ಹಳೆಯ ಆಸ್ಕಿ ಫಾಂಟುಗಳು ನಿಮ್ಮ ಕಂಪ್ಯೂಟರಿನ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಸರಿಯಾಗಿಯೇ ಕಾಣುತ್ತವೆ, ನಿಜ. ಆದರೆ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ವಧುವಿನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದು ಕೂರುತ್ತವೆ. ಯಾವುದಕ್ಕೂ ಬಗ್ಗದ ಆಲ್ಬಮ್ ಸಾಫ್ಟ್‌ವೇರ್ ಆಗಿದ್ದರೆ ಹೆಸರನ್ನು ಫೋಟೋಶಾಪಿನಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಮಾಡಿ ತಂದು ಕೂರಿಸಿ.

ಟ್ರಯಲ್‌ನಲ್ಲಿ ಮಾಡಬೇಕಾದ್ದು

ಫೋಟೋಶಾಪ್, ಇನ್‌ಡಿಸೈನ್ ತಯಾರಿಸುವ ಅಡೋಬಿಯವರ ಟ್ರಯಲ್ ಏಳು ದಿನ. ಅಷ್ಟರಲ್ಲಿ ಕಂಪನಿಯ ಮಾದರಿ ಫೋಟೋ ಬಿಟ್ಟು ಒಂದು ನಿಜವಾದ ಮದುವೆಯನ್ನು, ಎರಡು ಕ್ಯಾಮೆರಾಗಳ ಸಾವಿರ ಫೋಟೋಗಳ ಸಮೇತ ಹಾಕಿ ನೋಡಿ. ತಾನಾಗಿ ಪುಟ ಜೋಡಿಸುವ ಸಾಫ್ಟ್‌ವೇರ್‌ಗಳು ಫೋಟೋ ತೆಗೆದ ಸಮಯವನ್ನೇ ನಂಬುತ್ತವೆ. ಎರಡನೇ ಕ್ಯಾಮೆರಾದ ಗಡಿಯಾರ ಹನ್ನೆರಡು ನಿಮಿಷ ಹಿಂದಿದ್ದರೆ ತಾಳಿ ಕಟ್ಟಿದ ಮೇಲೆ ಜೀರಿಗೆ ಬೆಲ್ಲ ಬರುತ್ತದೆ! ಲೈಟ್‌ರೂಮಿನ ‘ಎಡಿಟ್ ಕ್ಯಾಪ್ಚರ್ ಟೈಮ್’ನಲ್ಲಿ ಮೊದಲೇ ಸರಿಮಾಡಿಕೊಂಡು ಆಮೇಲೆ ಸಾಫ್ಟ್‌ವೇರಿಗೆ ಕೊಡಿ.

ಮುಂದೆ ರೆಸಲ್ಯೂಷನ್. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6,000 ಪಿಕ್ಸೆಲ್ ಅಗಲದ ಫೋಟೋ 300 ಡಿಪಿಐನಲ್ಲಿ 20 ಇಂಚು ತುಂಬುತ್ತದೆ. ಅದನ್ನೇ 36 ಇಂಚಿಗೆ ಹರಡಿದರೆ ಉಳಿಯುವುದು ಸುಮಾರು 167 ಡಿಪಿಐ. ಮಂಟಪದ ವೈಡ್ ಶಾಟಿಗೆ ನಡೆಯುತ್ತದೆ. ಅದರಲ್ಲೂ ಅರ್ಧ ಕ್ರಾಪ್ ಮಾಡಿ ಮುಖವನ್ನು ಹಿಗ್ಗಿಸಿದರೆ 83ಕ್ಕೆ ಇಳಿದು ಒಡೆಯುತ್ತದೆ. ವಾಟ್ಸಾಪಿನಲ್ಲಿ ಬಂದ 1,600 ಪಿಕ್ಸೆಲ್ ಫೋಟೋ ಐದು ಇಂಚಿಗಿಂತ ದೊಡ್ಡದಾಗಬಾರದು. ಅಂಥದ್ದೊಂದನ್ನು ಬೇಕೆಂದೇ ಅರ್ಧ ಶೀಟಿಗೆ ಹಿಗ್ಗಿಸಿ: ಸಾಫ್ಟ್‌ವೇರ್ ಎಚ್ಚರಿಕೆ ಕೊಡಬೇಕು. ಇನ್‌ಡಿಸೈನ್ ಇದನ್ನು ಲಿಂಕ್ಸ್ ಪ್ಯಾನೆಲಿನಲ್ಲಿ ‘ಎಫೆಕ್ಟಿವ್ ಪಿಪಿಐ’ ಎಂದು ತೋರಿಸುತ್ತದೆ. ಫೋಟೋಶಾಪ್ ತಾನಾಗಿ ಎಚ್ಚರಿಸುವುದಿಲ್ಲ.

ಫೋಟೋ ಫೋಲ್ಡರನ್ನು ಬೇರೆ ಹಾರ್ಡ್‌ಡಿಸ್ಕಿಗೆ ಸಾಗಿಸಿ ಪ್ರಾಜೆಕ್ಟ್ ಮತ್ತೆ ತೆರೆಯಿರಿ. ಬಹಳಷ್ಟು ಸಾಫ್ಟ್‌ವೇರ್‌ಗಳು ಮೂಲ ಫೋಟೋದ ವಿಳಾಸವನ್ನಷ್ಟೇ ನೆನಪಿಡುತ್ತವೆ, ಹಾಗಾಗಿ ಡ್ರೈವ್ ಬದಲಾದರೆ ಎಲ್ಲವೂ ಖಾಲಿ. ಫೋಲ್ಡರ್ ಒಮ್ಮೆ ತೋರಿಸಿದರೆ ಎಲ್ಲ ಫೋಟೋಗಳನ್ನೂ ಹುಡುಕಿಕೊಂಡರೆ ಸರಿ, ಒಂದೊಂದನ್ನೇ ಕೇಳಿದರೆ ಬೇಡ.

ಕೊನೆಗೆ ಎಕ್ಸ್‌ಪೋರ್ಟ್. ಲ್ಯಾಬ್ ಬೇರೆ ಹೇಳದಿದ್ದರೆ ಕಲರ್ ಪ್ರೊಫೈಲ್ ಎಸ್‌ಆರ್‌ಜಿಬಿ, 8 ಬಿಟ್ ಜೆಪೆಗ್. ಅಡೋಬಿ ಆರ್‌ಜಿಬಿಯಲ್ಲಿ ಕಳಿಸಿದ ಫೈಲಿನ ಪ್ರೊಫೈಲನ್ನು ಲ್ಯಾಬಿನ ಯಂತ್ರ ಓದದಿದ್ದರೆ ರೇಷ್ಮೆ ಸೀರೆಯ ಕೆಂಪು ಸಪ್ಪೆಯಾಗಿ ಬರುತ್ತದೆ. ಫೈಲಿನ ಹೆಸರು 01, 02 ಎಂದೇ ಶುರುವಾಗಲಿ. ಬರೀ 1, 2 ಎಂದಿಟ್ಟರೆ ಕೆಲವು ಯಂತ್ರಗಳಲ್ಲಿ 1 ಆದ ಮೇಲೆ 10 ಬಂದು ಕೂತು ಶೀಟುಗಳು ಅದಲುಬದಲಾಗುತ್ತವೆ.

ವರ್ಷದ ಚಂದಾ ಕಟ್ಟುವ ಮೊದಲು ಟ್ರಯಲ್‌ನಿಂದಲೇ ಒಂದು ಶೀಟು ಪ್ರಿಂಟ್ ಹಾಕಿಸಿ. ಟ್ರಯಲ್ ವಾಟರ್‌ಮಾರ್ಕ್ ಹಾಕಿದರೂ ಚಿಂತೆಯಿಲ್ಲ. ಆ ಶೀಟಿನಲ್ಲಿ ಮಡಿಕೆಯಿಂದ ಒಂದು ಇಂಚು ದೂರದಲ್ಲಿ ಒಂದು ಮುಖ, ಅಂಚಿನಿಂದ ಅರ್ಧ ಇಂಚು ಒಳಗೆ ಒಂದು ಹೆಸರು ಇರಲಿ. ಪ್ರಿಂಟಿನಲ್ಲಿ ಮುಖ ಮಡಿಕೆಗೆ ಸಿಕ್ಕಿದ್ದರೆ ಅಥವಾ ಹೆಸರು ಕತ್ತರಿಗೆ ಹೋಗಿದ್ದರೆ ಸಾಫ್ಟ್‌ವೇರಿನ ಗೈಡ್ ಗೆರೆಗಳನ್ನು ಲ್ಯಾಬಿನ ಅಳತೆಗೆ ಹೊಂದಿಸಿ ಇನ್ನೊಂದು ಶೀಟು ಕಳಿಸಿ. ಆ ಗೆರೆಗಳನ್ನು ಬದಲಿಸಲು ಬಿಡದಿದ್ದರೆ ಬೇರೆ ಸಾಫ್ಟ್‌ವೇರ್ ನೋಡಿ.