ಬೆಳೆ ಕೈಕೊಟ್ಟರೂ ತರಕಾರಿ ಬೆಳೆಯುವುದು ಹೇಗೆ?

ಪೊಟ್ಟಣದಲ್ಲಿರುವ ಬೀಜವನ್ನೆಲ್ಲ ಒಂದೇ ದಿನ ಬಿತ್ತಬೇಡಿ. ಅತಿ ಮಳೆ, ಉರಿ ಬಿಸಿಲು, ಹುಳು, ಏನಾದರೊಂದು ಬಂದೇ ಬರುತ್ತದೆ. ಈಗ ಒಂದಿಷ್ಟು ಬಿತ್ತಿ. ಎರಡು ವಾರ ಬಿಟ್ಟು ಇನ್ನೊಂದಿಷ್ಟು. ಉಳಿದದ್ದು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ತಂಪು ಜಾಗದಲ್ಲಿ ಇರಲಿ. ಮೊದಲ ಸಲದ್ದು ಹೋದರೂ ಆಗ ಮಡಿ ಖಾಲಿ ಬೀಳುವುದಿಲ್ಲ.

ಬೀಜದ ದಪ್ಪದ ಎರಡರಷ್ಟು ಆಳ ಸಾಕು. ಮೊಳಕೆ ಬಂದ ಮೇಲೆಯೇ ನಿಜವಾದ ಪರೀಕ್ಷೆ. ನಿನ್ನೆ ನೆಟ್ಟಗಿದ್ದ ಸಸಿ ಇವತ್ತು ಅಡ್ಡಬಿದ್ದಿದೆಯಾ? ಬುಡ ನೋಡಿ. ಮಣ್ಣಿಗೆ ತಾಗುವ ಕಡೆ ಕಾಂಡ ನೂಲಿನ ಹಾಗೆ ಸಣ್ಣಗಾಗಿ, ಕಂದಾಗಿ, ಕೊಳೆತಂತಿದ್ದರೆ ಅದು ಬುಡಕೊಳೆ ರೋಗ. ಬಿದ್ದ ಸಸಿ ಏಳುವುದಿಲ್ಲ, ಔಷಧಿ ಹುಡುಕುತ್ತಾ ಸುಮ್ನೆ ದಿನ ಕಳೆಯಬೇಡಿ. ಆ ಮಣ್ಣು ಚೆಲ್ಲಿ, ಟ್ರೇ ತೊಳೆದು ಒಣಗಿಸಿ, ಹೊಸ ಮಣ್ಣಿನಲ್ಲಿ ವಿರಳವಾಗಿ ಬಿತ್ತಿ. ನೀರನ್ನು ಕೆಳಗಿನ ತಟ್ಟೆಗೆ ಹಾಕಿ. ಮಣ್ಣು ಹೀರಿ ಉಳಿದದ್ದನ್ನು ಚೆಲ್ಲಿಬಿಡಿ. ಸಸಿಗಳ ನಡುವೆ ಗಾಳಿ ಆಡಬೇಕು.

ನೀರು ಕಮ್ಮಿಯಾಗಿ ಸಾಯುವ ಕುಂಡದ ಗಿಡಗಳಿಗಿಂತ ಜಾಸ್ತಿಯಾಗಿ ಸಾಯುವವೇ ಹೆಚ್ಚು ಅಂತ ನನ್ನ ಅನಿಸಿಕೆ. ಬೆರಳನ್ನು ಎರಡು ಗೆಣ್ಣಿನಷ್ಟು ಒಳಗಿಳಿಸಿ. ತೇವ ತಾಗಿದರೆ ಇವತ್ತು ನೀರು ಬೇಡ.

ಮನೆಯಿಂದ ದೂರ ತುಂಡು ಜಾಗ ಪಡೆದವರಿಗೆ ಕಳೆಯೇ ದೊಡ್ಡ ತಲೆನೋವು. ಪೂರ್ತಿ ಅಗೆಯಲು ಹೋದರೆ ಸೊಂಟ ಬೀಳುತ್ತದೆ, ಅಲ್ವಾ? ಅರ್ಧ ಜಾಗಕ್ಕೆ ದಪ್ಪ ರಟ್ಟು ಹಾಸಿ, ಮೇಲೆ ಒಣ ಎಲೆ ಹೊದಿಸಿ. ಬೆಳಕಿಲ್ಲದೆ ಕಳೆ ಸೊರಗುತ್ತದೆ. ಉಳಿದರ್ಧದಲ್ಲಿ ಬೆಳೆಯಿರಿ.

ಕಾಯಿ ಬಿಡುವ ಹೊತ್ತಿಗೆ ಇನ್ನೆರಡು ತಕರಾರು. ಟೊಮೆಟೊದ ತುದಿ ಕಪ್ಪಾಗಿ ಒಳಕ್ಕೆ ಕುಗ್ಗಿದರೆ ಅದು ಅಂಟುರೋಗವಲ್ಲ. ಮಣ್ಣನ್ನು ಒಂದು ದಿನ ಒಣಗಿಸಿ ಮರುದಿನ ನೀರು ಸುರಿದರೆ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪುವುದಿಲ್ಲ. ಬುಡದ ಮಣ್ಣಿಗೆ ಒಣ ಎಲೆಯ ಹೊದಿಕೆ ಹಾಕಿ, ನೀರನ್ನು ಒಂದೇ ಹದದಲ್ಲಿ ಕೊಡಿ. ಮುಂದಿನ ಕಾಯಿಗಳು ಸರಿಹೋಗುತ್ತವೆ. ಕುಂಬಳದ ಪುಟ್ಟ ಕಾಯಿ ಹಳದಿಯಾಗಿ ಉದುರಿದರೆ ಪರಾಗ ಸೇರಿಲ್ಲ ಅಂತಲೇ ಹೆಚ್ಚಾಗಿ ಅರ್ಥ. ಬೆಳಿಗ್ಗೆಯೇ ಒಂದು ಗಂಡು ಹೂವು ಕಿತ್ತು, ಎಸಳು ಬಿಡಿಸಿ, ನಡುವಿನ ಪರಾಗದ ಕಡ್ಡಿಯನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಿ. ಹೂವಿನ ಹಿಂದೆ ಗೋಲಿಯಂಥ ಕಾಯಿ ಇದ್ದರೆ ಅದೇ ಹೆಣ್ಣು.

ಎಲೆಯಡಿ ಗುಂಪುಗಟ್ಟುವ ಹೇನನ್ನು ನೀರು ರಭಸವಾಗಿ ಹಾಯಿಸಿ ತೊಳೆಯಿರಿ. ಮೂರ್ನಾಲ್ಕು ದಿನಕ್ಕೊಮ್ಮೆ ಮತ್ತೆ ನೋಡಿ. ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ಸರಿ.

ಟೊಮೆಟೊ ಸೊರಗುರೋಗಕ್ಕೆ ಹೋಯಿತೆಂದರೆ ಗಿಡವನ್ನು ಬೇರುಸಮೇತ ಕಿತ್ತು ದೂರ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಅದೇ ಮಡಿಯಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆಯನ್ನೂ ಹಾಕಬೇಡಿ, ಎಲ್ಲ ಒಂದೇ ಕುಟುಂಬದವು. ಮೂಲಂಗಿ ಬಿತ್ತಿ. ಬೇಗ ಬರುವ ತಳಿಯಾದರೆ ಒಂದು ತಿಂಗಳೊಳಗೆ ಕೀಳಬಹುದು.