ಜಿಂಕೆ ಬೇಟೆಗೆ ಅಗ್ಗದ ಸ್ಲಗ್ ಕೋವಿ: ನಳಿಗೆ ಮೊದಲು, ಕೋವಿ ಆಮೇಲೆ

ನ್ಯೂಜೆರ್ಸಿಯಲ್ಲಿ ಜಿಂಕೆಗೆ ರೈಫಲ್ ಹಿಡಿಯುವಂತಿಲ್ಲ. ಬಿಲ್ಲು, ಮೂತಿಯಿಂದ ಮದ್ದು ತುಂಬುವ ಕೋವಿ ಅಥವಾ ಶಾಟ್‌ಗನ್, ಇಷ್ಟೇ ದಾರಿ. ಶಾಟ್‌ಗನ್ನಿನಲ್ಲಿ ಚರೆಯ ಬದಲು ಒಂಟಿ ಗುಂಡು, ಅಂದರೆ ಸ್ಲಗ್, ಹಾರಿಸುವುದಾದರೆ ಹೊಂದಿಸಬಹುದಾದ ಗುರಿಪಟ್ಟಿ ಇಲ್ಲವೇ ಸ್ಕೋಪ್ (ಗುರಿ ದುರ್ಬೀನು) ಇರಬೇಕು, ಕೋವಿಯೊಳಗೆ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಸಬಾರದು. ಹಕ್ಕಿ ಹೊಡೆಯುವ ಕೋವಿಯ ಮೂತಿಯಲ್ಲಿರುವ ಹಿತ್ತಾಳೆ ಮಣಿ ಇಲ್ಲಿಗೇ ಕೆಲಸಕ್ಕೆ ಬಾರದಾಯಿತು.

ಕೊಳ್ಳುವ ಮುನ್ನ ಕಾಗದಪತ್ರದ ಮಾತು. ಗ್ರೀನ್ ಕಾರ್ಡ್ ಇದ್ದವರಿಗೆ ತೊಡಕು ಕಡಿಮೆ. ಎಚ್-1ಬಿ ವೀಸಾದವರು ಕೋವಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ವಿನಾಯಿತಿ. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯಿತು, ಕೋವಿ ಮನೆಯ ಕಪಾಟಿನಲ್ಲಿರುವುದೇ ತಪ್ಪಾಗುತ್ತದೆ. ನವೀಕರಣದ ತಾರೀಕನ್ನು ಪಾಸ್‌ಪೋರ್ಟ್ ಜೊತೆಗೇ ಬರೆದಿಡಿ. ಇದರ ಮೇಲೆ ನ್ಯೂಜೆರ್ಸಿಯ ಕೋವಿ ಖರೀದಿ ಗುರುತಿನ ಚೀಟಿ ಬೇರೆ ಬೇಕು.

ಈಗ ಕೋವಿ. ನಾನು ಲೆಕ್ಕ ಹಾಕಿದ್ದು ಹಿಂದಿನಿಂದ ಮುಂದಕ್ಕೆ: ಎಷ್ಟು ದೂರ ಹೊಡೆಯುತ್ತೇನೆ, ಅದಕ್ಕೆ ಯಾವ ಗುಂಡು, ಆ ಗುಂಡಿಗೆ ಯಾವ ನಳಿಗೆ, ಕೊನೆಗೆ ಆ ನಳಿಗೆ ಕೂರುವ ಅಗ್ಗದ ಕೋವಿ ಯಾವುದು. ಕೋವಿಯಿಂದ ಶುರು ಮಾಡಿದವರು ಸಾಮಾನ್ಯವಾಗಿ ಎರಡು ಸಲ ದುಡ್ಡು ಕೊಡುತ್ತಾರೆ.

ಗುಂಡಿನಲ್ಲಿ ಮುಖ್ಯವಾಗಿ ಎರಡು ಜಾತಿ. ಫಾಸ್ಟರ್ ಸ್ಲಗ್ ಹಿಂಭಾಗ ಟೊಳ್ಳಾದ ಮೆದು ಸೀಸದ ಮುದ್ದೆ. 12 ಗೇಜಿನಲ್ಲಿ (ಗೇಜ್ ಎಂದರೆ ನಳಿಗೆಯ ಅಗಲದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದು) ಸಾಮಾನ್ಯವಾಗಿ ಒಂದು ಔನ್ಸ್, ಅಂದರೆ 28 ಗ್ರಾಂ. ತೂಕವೆಲ್ಲ ಮೂತಿಯಲ್ಲಿರುವುದರಿಂದ ಶಟಲ್ ಕಾಕ್‌ನಂತೆ ನೇರ ಹಾರುತ್ತದೆ. ಮೈಮೇಲಿನ ಓರೆ ಗೀರುಗಳು ಅದನ್ನು ತಿರುಗಿಸುತ್ತವೆ ಎಂದು ಅಂಗಡಿಯವರೂ ಹೇಳುತ್ತಾರೆ. ಅವುಗಳ ನಿಜವಾದ ಉಪಯೋಗ ಚೋಕ್, ಅಂದರೆ ನಳಿಗೆಯ ಮೂತಿಯ ಕಿರಿದಾದ ಭಾಗದ ಮೂಲಕ ಹಾಯುವಾಗ ಸೀಸ ಹಿಸುಕಿಕೊಳ್ಳಲು ಜಾಗ ಕೊಡುವುದು. ಇದು ನುಣುಪು ನಳಿಗೆಯ ಗುಂಡು. ಎರಡನೆಯದು ಸಾಬೋ: ನಳಿಗೆಗಿಂತ ಸಣ್ಣ ಗುಂಡಿಗೆ ಪ್ಲಾಸ್ಟಿಕ್ ಅಂಗಿ ತೊಡಿಸಿರುತ್ತಾರೆ, ಮೂತಿ ದಾಟಿದ ಮೇಲೆ ಅಂಗಿ ಕಳಚುತ್ತದೆ. ಇದು ನೇರ ಹೋಗಬೇಕಾದರೆ ನಳಿಗೆಯೊಳಗೆ ತಿರುಪು ಗೀರು ಬೇಕೇ ಬೇಕು.

ಇವೆರಡನ್ನು ಅದಲುಬದಲು ಮಾಡುವುದೇ ಅತಿ ದೊಡ್ಡ ತಪ್ಪು. ನುಣುಪು ನಳಿಗೆಯಲ್ಲಿ ಸಾಬೋ ಹಾಕಿದರೆ ಗುಂಡು ಪಲ್ಟಿ ಹೊಡೆಯುತ್ತದೆ. ಐದು ತೋಟಾಕ್ಕೆ ಇಪ್ಪತ್ತು ಡಾಲರ್ ಕೊಟ್ಟು 50 ಗಜದಲ್ಲಿ ಗುರಿಹಲಗೆಯೇ ತಪ್ಪುತ್ತದೆ. ಗೀರು ನಳಿಗೆಯಲ್ಲಿ ಫಾಸ್ಟರ್ ಹೊಡೆದರೆ ಕೋವಿ ಸಿಡಿಯುವುದಿಲ್ಲ, ಆದರೆ ಸೀಸ ಗೀರಿಗೆ ಮೆತ್ತಿಕೊಂಡು ಹತ್ತು ಈಡಿನೊಳಗೆ ಗುರಿ ಚೆದುರುತ್ತದೆ. ಅದನ್ನು ಕೆರೆದು ತೆಗೆಯಲು ದ್ರಾವಣ, ಕಂಚಿನ ಬ್ರಷ್ ಮತ್ತು ಒಂದು ಸಂಜೆ ಬೇಕು. ಮೂತಿ ತುಂಬ ಕಿರಿದಾದ ಫುಲ್ ಚೋಕ್‌ನಲ್ಲಿ ಯಾವ ಸ್ಲಗ್ಗನ್ನೂ ಹೊಡೆಯಬೇಡಿ. ಕಿರಿದೇ ಆಗದ ಸಿಲಿಂಡರ್ ಅಥವಾ ತುಸುವೇ ಕಿರಿದಾದ ಇಂಪ್ರೂವ್ಡ್ ಸಿಲಿಂಡರ್ ಸಾಕು.

ಈ ಕಾಡುಗಳಲ್ಲಿ ನಾನು ಹೊಡೆಯುವ ದೂರ 70 ಗಜ ದಾಟುವುದು ಅಪರೂಪ. ಅಷ್ಟಕ್ಕೆ ನುಣುಪು ನಳಿಗೆ, ರೈಫಲ್ ಮಾದರಿಯ ಗುರಿಪಟ್ಟಿ ಮತ್ತು ಫಾಸ್ಟರ್ ಸಾಕು. ಗೀರು ನಳಿಗೆ ಇಲ್ಲದೆ ಜಿಂಕೆ ಬೇಟೆಯೇ ಇಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೊಲದ ಅಂಚಿನಲ್ಲಿ ಕೂತು 100 ಗಜಕ್ಕೆ ಹೊಡೆಯುವವರ ಲೆಕ್ಕ ಬೇರೆ.

ನನ್ನ ಆಯ್ಕೆ ಮಾಸ್‌ಬರ್ಗ್ ಕಂಪನಿಯದೇ ಅಗ್ಗದ ಮಾದರಿಯಾದ ಮಾವರಿಕ್ 88, 12 ಗೇಜ್ ಪಂಪ್ (ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವ ಮಾದರಿ). ಹೊಸದೇ ಇನ್ನೂರೈವತ್ತು ಡಾಲರ್ ಆಸುಪಾಸಿಗೆ ಸಿಗುತ್ತದೆ. ಇದರ ದೊಡ್ಡ ಗುಣ, ಮಾಸ್‌ಬರ್ಗ್ 500ರ ನಳಿಗೆಗಳು ಇದಕ್ಕೆ ಕೂರುತ್ತವೆ. ಮೊದಲು ಫಾಸ್ಟರ್ ಜೊತೆ ನುಣುಪು ನಳಿಗೆ, ಮುಂದೆ ಬೇಕೆನಿಸಿದರೆ 24 ಇಂಚಿನ ಗೀರು ನಳಿಗೆ. ಒಂದೇ ಎಚ್ಚರ: ಕೆಳಗಿನ ತೋಟಾ ಕೊಳವೆಯ ಉದ್ದ ಹೊಂದಬೇಕು. ಆರು ಈಡಿನ ಕೋವಿಗೆ ಎಂಟು ಈಡಿನ ಕೋವಿಯ ನಳಿಗೆ ಕೂರುವುದಿಲ್ಲ, ಏಕೆಂದರೆ ನಳಿಗೆಯ ಬಳೆ ಕೊಳವೆಯ ತುದಿಗೇ ಬರಬೇಕು. ಆರು ಈಡಿನ ಕೋವಿಯಾದರೂ ಬೇಟೆಗೆ ಒಯ್ಯುವಾಗ ಕೊಳವೆಯೊಳಗೆ ಅಡ್ಡ ಕಡ್ಡಿ ಹಾಕಿ ಮೂರಕ್ಕೆ ಇಳಿಸಿಕೊಳ್ಳಬೇಕು.

ಗೀರು ನಳಿಗೆ ಕೊಳ್ಳುವುದಾದರೆ ಸ್ಕೋಪ್ ಕೂರಿಸುವ ಪಟ್ಟಿ ನಳಿಗೆಗೇ ಬೆಸೆದಿರುವ ಕ್ಯಾಂಟಿಲಿವರ್ ಮಾದರಿ ತೆಗೆದುಕೊಳ್ಳಿ. ಪಂಪ್ ಕೋವಿಯ ನಳಿಗೆ ಬಿಚ್ಚಿ ಹಾಕುವಂಥದ್ದು, ರಿಸೀವರಿನೊಳಗೆ (ನಳಿಗೆ ಕೂರುವ ಕೋವಿಯ ನಡುವಿನ ಲೋಹದ ಭಾಗ) ಕೂದಲೆಳೆಯಷ್ಟು ಆಡುತ್ತದೆ. ಸ್ಕೋಪ್ ರಿಸೀವರಿನ ಮೇಲಿದ್ದರೆ ಆ ಆಟವೆಲ್ಲ ಗುರಿಗೆ ಬರುತ್ತದೆ. ನಳಿಗೆಯ ಮೇಲೇ ಇದ್ದರೆ ಎರಡೂ ಒಟ್ಟಿಗೆ ಅಲ್ಲಾಡುತ್ತವೆ. ಕಣ್ಣಿಗೂ ಸ್ಕೋಪಿಗೂ ನಾಲ್ಕು ಇಂಚು ಅಂತರ ಸಿಗುವಂಥದ್ದು ನೋಡಿ, ಇಲ್ಲದಿದ್ದರೆ ಹುಬ್ಬಿನ ಮೇಲೆ ಅರ್ಧಚಂದ್ರ ಗ್ಯಾರಂಟಿ.

ಬಜೆಟ್ಟು ಆರುನೂರು ಡಾಲರ್ ದಾಟುವುದಾದರೆ ಇಷ್ಟೆಲ್ಲ ಜೋಡಿಸುವ ಬದಲು ಸ್ಯಾವೇಜ್ 220 ತೆಗೆದುಕೊಳ್ಳಿ. 20 ಗೇಜ್, ಬೋಲ್ಟ್ (ರೈಫಲ್ಲಿನಂತೆ ಪಕ್ಕದ ಹಿಡಿಕೆ ಎಳೆದು ತೋಟಾ ತುಂಬುವ ಮಾದರಿ), ನಳಿಗೆ ಅಲ್ಲಾಡುವ ಪ್ರಶ್ನೆಯೇ ಇಲ್ಲ, ಟ್ರಿಗರ್ ಬಿಗಿಯನ್ನು ನಾವೇ ಹೊಂದಿಸಿಕೊಳ್ಳಬಹುದು, ಒದೆತವೂ ಕಡಿಮೆ. ಹಳೆಯ ಕೋವಿ ಅಂಗಡಿಯಲ್ಲಿ ಎಚ್ ಆಂಡ್ ಆರ್ ಅಲ್ಟ್ರಾ ಸ್ಲಗ್ ಹಂಟರ್ ಕಂಡರೆ ಎತ್ತಿ ನೋಡಿ: ದಪ್ಪ ನಳಿಗೆಯ ಒಂಟಿ ಈಡಿನ ಕೋವಿ, 2015ರಲ್ಲಿ ತಯಾರಿಕೆ ನಿಂತಿತು. ಮಡಚುವ ಕೀಲು ಸಡಿಲವಾಗಿಲ್ಲದಿದ್ದರೆ ಕೊಳ್ಳಬಹುದು.

ಗುರಿ ಹೊಂದಿಸಲು ಮೊದಲು 25 ಗಜ. ಅಲ್ಲಿ ಹಲಗೆಯ ನಡುವೆ ಬಂದ ಮೇಲೆ 50. ಮೂರ್ನಾಲ್ಕು ಕಂಪನಿಯ ತೋಟಾ ಒಂದೊಂದು ಪೆಟ್ಟಿಗೆ ತಂದು, ಪ್ರತಿಯೊಂದರಲ್ಲಿ ಮೂರು ಈಡು ಹೊಡೆದು ತೂತುಗಳ ನಡುವಿನ ಅಂತರ ಅಳೆಯಿರಿ. ಕಂಪನಿ ಬದಲಿಸುವಾಗ ನಳಿಗೆ ಒರೆಸಿ, ಐದು ನಿಮಿಷ ತಣಿಯಲು ಬಿಡಿ. ಒಂದೇ ನಳಿಗೆ ಒಂದು ಕಂಪನಿಯ ಸ್ಲಗ್ಗನ್ನು 3 ಇಂಚಿನೊಳಗೆ ಕೂಡಿಸಿ ಇನ್ನೊಂದನ್ನು 8 ಇಂಚಿಗೆ ಚೆಲ್ಲಬಹುದು. ಬೆಲೆಗೂ ಇದಕ್ಕೂ ಸಂಬಂಧವಿಲ್ಲ. 50 ಗಜಕ್ಕೆ ಹೊಂದಿಸಿದ ಫಾಸ್ಟರ್ 100 ಗಜದಲ್ಲಿ ಸುಮಾರು ಐದು ಇಂಚು ಕೆಳಗೆ ಬೀಳುತ್ತದೆ.

ಗುರಿ ಇದ್ದಕ್ಕಿದ್ದಂತೆ ಚೆದುರಿತೇ? ಸ್ಕೋಪ್ ತಿರುವುವ ಮೊದಲು ಕೋವಿ ಖಾಲಿ ಮಾಡಿ, ಚೇಂಬರಿಗೆ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡು) ಬೆರಳಿಟ್ಟು ಖಚಿತಪಡಿಸಿಕೊಂಡು, ತೋಟಾ ಕೊಳವೆಯ ತುದಿಯಲ್ಲಿ ನಳಿಗೆಯನ್ನು ಹಿಡಿದಿರುವ ತಿರುಪು ಮುಟ್ಟಿ ನೋಡಿ. ಒದೆತಕ್ಕೆ ಅದು ಕಾಲು ಸುತ್ತು ಸಡಿಲವಾಗಿರುತ್ತದೆ. ಕೈಯಿಂದಲೇ ಬಿಗಿ ಮಾಡಿ, ಇಕ್ಕಳ ಬೇಡ. ಅದು ಬಿಗಿಯಾಗೇ ಇದ್ದರೆ ತಪ್ಪು ಭುಜದ್ದು: 12 ಗೇಜ್ ಸ್ಲಗ್ಗಿನ ಒದೆತ ದೊಡ್ಡ ಬೇಟೆಯ .30-06 ರೈಫಲ್ಲಿಗಿಂತ ಜೋರು, ಹತ್ತು ಹನ್ನೆರಡು ಈಡಾದ ಮೇಲೆ ಯಾರಾದರೂ ಟ್ರಿಗರ್ ಎಳೆಯುವ ಮುನ್ನವೇ ಮುದುಡುತ್ತಾರೆ. ಅಲ್ಲಿಗೆ ನಿಲ್ಲಿಸಿ. ಉಳಿದ ಅಭ್ಯಾಸವನ್ನು ಅದೇ ಕೋವಿಯಲ್ಲಿ ಹಗುರ ಚರೆ ತೋಟಾದಿಂದ ಮಾಡಿ.

ಸ್ಲಗ್ ದೂರ ಹೋಗುವುದಿಲ್ಲ, ಹಾಗಾಗಿ ಸುರಕ್ಷಿತ ಎಂಬ ಧೈರ್ಯ ಬೇಡ. ಸಮತಟ್ಟಾಗಿ ಹೊಡೆದಾಗ ಅದು ನೆಲಕ್ಕೆ ಬಡಿದು ಮತ್ತೆ ಜಿಗಿಯುತ್ತದೆ. ಜಿಂಕೆಯ ಹಿಂದೆ ಮಣ್ಣಿನ ದಿಬ್ಬ ಕಾಣದಿದ್ದರೆ ನಾನು ಹೊಡೆಯುವುದಿಲ್ಲ. ಮರದ ಮೇಲಿನ ಅಟ್ಟಣೆಯಿಂದ ಕೆಳಮುಖವಾಗಿ ಹೊಡೆಯುವುದು ಮೇಲು.

ಯಾವ ತೋಟಾ ಗೆದ್ದಿತೋ ಅದೇ ಲಾಟ್ ಸಂಖ್ಯೆಯ (ಒಂದೇ ಕಂತಿನಲ್ಲಿ ತಯಾರಾದ) ನಾಲ್ಕು ಪೆಟ್ಟಿಗೆ ಒಟ್ಟಿಗೇ ತಂದಿಡಿ. ಅವು ಮುಗಿದು ಬೇರೆ ಲಾಟ್ ಬಂದಾಗ ಮತ್ತೆ 50 ಗಜಕ್ಕೆ ಮೂರು ಈಡು.